ಕೋಡಿ ಬೆಂಗ್ರೆಯಲ್ಲಿ ನೀರು ಏರುವ ಹೊತ್ತು

ಉದ್ದದ ಲೆನ್ಸ್ ಹೆಗಲಿಗೇರಿಸಿ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಬೈಕ್ ನಿಲ್ಲಿಸಿದರೆ ಸಾಕು, ಯಾರಾದರೂ ಕೇಳುತ್ತಾರೆ: "ರಾಜಹಂಸ ಬಂದುಂಟಾ?" ಇಲ್ಲ. ಅದನ್ನು ಸಾವಿರಗಟ್ಟಲೆ ನೋಡಲು ಕಚ್ಛ್‌ಗೋ ಮುಂಬೈಗೋ ಹೋಗಬೇಕು. ನಾನು ಬರುವುದು ಗುಬ್ಬಚ್ಚಿಗಿಂತ ತುಸು ದೊಡ್ಡದಿರುವ, ಕೆಸರಲ್ಲಿ ಮೇಯುವ ಸ್ಯಾಂಡ್ ಪ್ಲೋವರ್ ಹಕ್ಕಿಗಳಿಗಾಗಿ, ಮತ್ತೆ ಕಂದು ತಲೆಯ ಗಲ್ ಎಂಬ ಕಡಲಹಕ್ಕಿಗಳಿಗಾಗಿ. ಹೆಸರಿಗಷ್ಟೇ ಕಂದು, ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ದೃಷ್ಟಿಬೊಟ್ಟಿನಂಥ ಕಲೆ. ಲಡಾಖ್, ಟಿಬೆಟ್‌ನ ಸರೋವರಗಳಲ್ಲಿ ಮರಿ ಮಾಡುವ ಹಕ್ಕಿ ಸುವರ್ಣಾ ನದಿಯ ಅಳಿವೆಯಲ್ಲಿ ಕೂತಿರುತ್ತದೆ.

ಮೊದಲ ವರ್ಷ ಬೆಳಿಗ್ಗೆಯೇ ಓಡುತ್ತಿದ್ದೆ. ಇಲ್ಲಿ ಹೊಳೆ ಪೂರ್ವಕ್ಕೆ, ಕಡಲು ಪಶ್ಚಿಮಕ್ಕೆ. ಹೊಳೆದಡದಲ್ಲಿ ನಿಂತರೆ ಬಿಸಿಲು ನೇರ ಲೆನ್ಸಿಗೆ. ಹಕ್ಕಿಗಳೆಲ್ಲ ಇದ್ದಿಲ ತುಂಡು. ಮೇಲಿಂದ, ಇಳಿತದಲ್ಲಿ ಕೆಸರಿಗಿಳಿದು ಅವುಗಳತ್ತ ನಡೆಯುವ ಚಟ ಬೇರೆ. ಐವತ್ತು ಹೆಜ್ಜೆ ದೂರ ಇರುವಾಗಲೇ ಇಡೀ ಗುಂಪು ಮಾಯ.

ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುತ್ತಿದ್ದ ಅಕ್ಕ ಒಬ್ಬರಿಗೆ ನೋಡಿ ಸಾಕಾಯಿತು. "ಎಂತ ಮಾರಾಯ್ರೇ, ಓಡಿಸ್ಲಿಕ್ಕೆ ಬಂದದ್ದಾ? ಸುಮ್ಮನೆ ಕೂತ್ಕೊಳ್ಳಿ, ನೀರು ಏರುವಾಗ ಅವೇ ಬರ್ತಾವೆ." ಅವರ ಬುಟ್ಟಿಯಿಂದ ನಾಲ್ಕೇ ಮಾರು ದೂರದಲ್ಲಿ ಪ್ಲೋವರ್ ಮೇಯುತ್ತಿತ್ತು!

ಈಗ ಉಬ್ಬರದ ಹೊತ್ತು ನೋಡಿಯೇ ಹೊರಡುವುದು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಸಂಜೆ 4ರಿಂದ 6ರವರೆಗೆ ನೀರು ಏರುವ ದಿನಗಳು ಪಕ್ಷಕ್ಕೆ ಕೆಲವೇ. ಆಗ ಬಿಸಿಲು ಬೆನ್ನಿಗೆ. ಮೊದಲೇ ಹೋಗಿ ಗೋಣಿ ಹಾಸಿ ಬೋರಲು ಮಲಗುತ್ತೇನೆ. ಲೆನ್ಸಿನಡಿ ಕುಚ್ಚಲಕ್ಕಿ ತುಂಬಿದ ಚೀಲ. (ಒಮ್ಮೆ ಅದು ನೆನೆದು ಮೂರನೇ ದಿನಕ್ಕೆ ಮನೆಯೆಲ್ಲ ಹುಳಿ ವಾಸನೆ.) ಶಟರ್ 1/2000 ಸೆಕೆಂಡ್. ಹಿಂದಿನ ನೀರು ಕಪ್ಪಿದ್ದರೆ ಕ್ಯಾಮರಾ ಮೋಸ ಹೋಗಿ ಗಲ್‌ನ ಬಿಳಿಯನ್ನು ಸುಟ್ಟುಬಿಡುತ್ತದೆ, ಹಾಗಾಗಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಕೆಳಗೆ, ಅಂದರೆ ಬೆಳಕು ಅರ್ಧಕ್ಕೆ. ಪ್ಲೋವರ್‌ಗೆ ಅಷ್ಟು ಬೇಡ.

ಕಳೆದ ಜನವರಿಯಲ್ಲಿ ಹೀಗೇ ಮಲಗಿದ್ದೆ. ನೀರು ಕೆಸರನ್ನು ಗೇಣುಗೇಣಾಗಿ ನುಂಗುತ್ತ ಬಂತು, ಅದರ ಮುಂದೆ ಪ್ಲೋವರ್‌ಗಳು. ನಾಲ್ಕು ಹೆಜ್ಜೆ ಓಟ, ಗಕ್ಕನೆ ನಿಲ್ಲುವುದು, ಒಂದು ಕುಟುಕು. ಒಂದಕ್ಕೆ ಹುಳ ಸಿಕ್ಕಿತು. ರಬ್ಬರ್ ಬ್ಯಾಂಡಿನಂತೆ ಎಳೆದಷ್ಟೂ ಉದ್ದವಾಗಿ ಕೊನೆಗೆ ಪಟಕ್ಕನೆ ಬಿಟ್ಟುಕೊಂಡಿತು. ಅದನ್ನು ನುಂಗಿ ಹಕ್ಕಿ ಇನ್ನೂ ಮುಂದೆ ಬಂತು. ಲೆನ್ಸ್ ಗರಗರ ತಿರುಗಿತೇ ಹೊರತು ಫೋಕಸ್ ಹಿಡಿಯಲಿಲ್ಲ, ಅಷ್ಟು ಹತ್ತಿರ. ಹಿಂದೆ ಸರಿಯೋಣವೆಂದರೆ ಮೊಣಕೈಗೆ ಆಗಲೇ ನೀರು ಮುಟ್ಟಿತ್ತು.