ಬೆಂಕಿಗೆ ಸಿಕ್ಕ ಅಂಬಾಸಿಡರ್‌ಗೆ ಹೊಸ ವೈರಿಂಗ್ ಹಾಕುವ ಬಗೆ

ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ಟಿನೊಳಗೆ ಹೊತ್ತಿಕೊಂಡ ಬೆಂಕಿ ಬೇಗನೆ ಆರಿತೆಂದರೆ, ಕರಗಿದ ನಾಲ್ಕಾರು ವೈರುಗಳನ್ನು ಕತ್ತರಿಸಿ, ಹೊಸ ತುಂಡುಗಳನ್ನು ಹೆಣೆದು, ಟೇಪು ಸುತ್ತಿ ಗಾಡಿಯನ್ನು ರಸ್ತೆಗಿಳಿಸುವುದು ಸಾಮಾನ್ಯವಾಗಿ ನಡೆಯುವ ಕೆಲಸ. ಇದು ಅಪಾಯಕಾರಿ. ಬೆಂಕಿ ಎಬ್ಬಿಸಿದ ಕಾರಣ ಪತ್ತೆಯಾಗದ ಹೊರತು ಹೊಸ ವೈರೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಈ ಕೆಲಸದಲ್ಲಿ ವೈರು ಎಳೆಯುವುದಕ್ಕಿಂತ ಕಾರಣ ಹುಡುಕುವುದಕ್ಕೆ ಮತ್ತು ಪ್ರತಿಯೊಂದು ವೈರಿಗೂ ಸರಿಯಾದ ಫ್ಯೂಸಿನ ಕಾವಲು ಒದಗಿಸುವುದಕ್ಕೆ ಹೆಚ್ಚು ಸಮಯ ಮೀಸಲಿಡಬೇಕು.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿದ್ದ ಈ ಕಾರಿನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಆ ಕಾಲದ ಬ್ರಿಟಿಷ್ ಪದ್ಧತಿಯಲ್ಲಿ ಇಡೀ ಕಾರಿಗೆ ಎರಡೇ ಫ್ಯೂಸುಗಳಿರುವುದು, ಹೆಡ್‌ಲೈಟ್ ಮತ್ತು ಇಗ್ನಿಷನ್ ಸರ್ಕ್ಯೂಟುಗಳಿಗೆ ಫ್ಯೂಸೇ ಇಲ್ಲದಿರುವುದು ಸಾಮಾನ್ಯವಾಗಿತ್ತು. ಫ್ಯೂಸಿಲ್ಲದ ವೈರು ಕಾರಿನ ಲೋಹದ ಬಾಡಿಗೆ ತಾಗಿದರೆ ಕರೆಂಟನ್ನು ತಡೆಯುವವರೇ ಇರುವುದಿಲ್ಲ. ಬ್ಯಾಟರಿ ಖಾಲಿಯಾಗುವವರೆಗೆ, ಇಲ್ಲವೇ ತಾಮ್ರವೇ ಕರಗಿ ತುಂಡಾಗುವವರೆಗೆ ವೈರು ಕಾಯುತ್ತಲೇ ಹೋಗುತ್ತದೆ.

ಮುಟ್ಟುವ ಮೊದಲು

ಮೊದಲು ಬ್ಯಾಟರಿಯ ಅರ್ಥ್ ಕೇಬಲ್ಲನ್ನೂ (ಕಾರಿನ ಬಾಡಿಗೆ ಜೋಡಿಸಿದ್ದು) ನಂತರ ಇನ್ನೊಂದನ್ನೂ ಕಳಚಿ, ಬ್ಯಾಟರಿಯನ್ನು ಕಾರಿನಿಂದ ಹೊರಗಿಡಿ. ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ಥ್ ಆಗಿರುವುದೂ ಉಂಟು. ಊಹಿಸಬೇಡಿ, ಯಾವ ಕೇಬಲ್ಲು ಬಾಡಿಗೆ ಬೋಲ್ಟ್ ಆಗಿದೆಯೆಂದು ಕಣ್ಣಾರೆ ನೋಡಿ ಬರೆದಿಟ್ಟುಕೊಳ್ಳಿ. ವಿಮೆ ಇದ್ದರೆ, ಒಂದು ಸ್ಕ್ರೂ ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ ಎಲ್ಲ ಕೋನಗಳಿಂದ ಫೋಟೋ ತೆಗೆಯಿರಿ. ಅದೇ ಫೋಟೋಗಳು ಮುಂದೆ ವೈರುಗಳ ಜಾಗ ಗುರುತಿಸಲೂ ಬೇಕಾಗುತ್ತವೆ.

ಸುಟ್ಟ ಪಿವಿಸಿ ಹೊದಿಕೆಯಿಂದ ಹೈಡ್ರೋಜನ್ ಕ್ಲೋರೈಡ್ ಹೊಮ್ಮುತ್ತದೆ. ಅದು ತೇವದೊಡನೆ ಸೇರಿ ಆಮ್ಲವಾಗಿ ತಾಮ್ರವನ್ನೂ ಟರ್ಮಿನಲ್ಲುಗಳನ್ನೂ ತಿನ್ನುತ್ತದೆ. ಬೆಂಕಿ ನಂದಿಸಲು ಬಳಸಿದ ಒಣ ಪುಡಿಯೂ ತೇವ ಹೀರಿದರೆ ಲೋಹಕ್ಕೆ ಹಾನಿ ಮಾಡುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಂಡು ಪುಡಿಯನ್ನು ವ್ಯಾಕ್ಯೂಮ್ ಮಾಡಿ, ಒರೆಸಿ, ಪೂರ್ತಿ ಒಣಗಿಸಿ. ಬೆಂಕಿಯ ಸಮೀಪದಲ್ಲಿದ್ದ ಪೆಟ್ರೋಲ್ ಪೈಪು ಮತ್ತು ಬ್ರೇಕ್ ಹೋಸುಗಳು ಹೊರಗೆ ಚೆನ್ನಾಗಿ ಕಂಡರೂ ಅವುಗಳನ್ನು ಬದಲಿಸಲೇಬೇಕು.

ಕಾರಣ ಎಲ್ಲಿದೆ?

ಅತಿ ಹೆಚ್ಚು ಸುಟ್ಟಿರುವ ಜಾಗವೇ ದೋಷದ ಜಾಗವೆಂದು ತಿಳಿಯಬಾರದು. ಒಂದು ವೈರು ಉದ್ದಕ್ಕೂ ಒಂದೇ ಸಮನಾಗಿ ಬೆಂದಿದ್ದರೆ ಅದರಲ್ಲಿ ಮಿತಿಮೀರಿದ ಕರೆಂಟ್ ಹರಿದಿದೆ ಎಂದರ್ಥ. ಆ ವೈರಿನ ತುದಿಯತ್ತ ಸಾಗಿದರೆ ಶಾರ್ಟ್ ಆದ ಸ್ಥಳ ಸಿಗುತ್ತದೆ. ಒಂದು ಜೋಡಣೆಯ ಸುತ್ತ ಮಾತ್ರ ಸುಟ್ಟಿದ್ದರೆ ಸಡಿಲ ಟರ್ಮಿನಲ್ಲೇ ಮೂಲವಾಗಿರುವ ಸಾಧ್ಯತೆ ಹೆಚ್ಚು.

ನೋಡಲೇಬೇಕಾದ ಜಾಗಗಳು ಕೆಲವಿವೆ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡನ್ನು ವೈರುಗಳ ಕಟ್ಟು ದಾಟುವಲ್ಲಿ ರಂಧ್ರದ ಅಂಚಿಗೆ ಹಾಕಿದ ರಬ್ಬರ್ ಬಳೆ, ಅಂದರೆ ಗ್ರೋಮೆಟ್, ಒಣಗಿ ಉದುರಿಹೋಗಿರುತ್ತದೆ, ತಗಡಿನ ಅಂಚು ವರ್ಷಗಟ್ಟಲೆ ಹೊದಿಕೆಯನ್ನು ಕೊರೆದಿರುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಬಗೆಯ ಡೈನಮೋ ಇರುವ ಕಾರುಗಳಲ್ಲಿ, ಅದನ್ನು ಬ್ಯಾಟರಿಯಿಂದ ಬೇರ್ಪಡಿಸುವ ಕಟೌಟ್ ಸ್ವಿಚ್ಚಿನ ಪಾಯಿಂಟುಗಳು ಅಂಟಿಕೊಂಡರೆ, ಇಂಜಿನ್ ನಿಂತ ಮೇಲೂ ಬ್ಯಾಟರಿಯ ಕರೆಂಟ್ ಹಿಮ್ಮುಖವಾಗಿ ಡೈನಮೋಗೆ ಹರಿದು ವೈರನ್ನು ಸುಡುತ್ತದೆ. ಇಂಜಿನ್ ಮತ್ತು ಬಾಡಿಯನ್ನು ಜೋಡಿಸುವ ಅರ್ಥ್ ಪಟ್ಟಿ ತುಂಡಾಗಿದ್ದರೆ ಸ್ಟಾರ್ಟರಿನ ಭಾರೀ ಕರೆಂಟ್ ಚೋಕ್ ಕೇಬಲ್ಲಿನಂಥ ಸಣ್ಣ ತಂತಿಗಳ ಮೂಲಕ ಹಿಂದಿರುಗಿ ಅವುಗಳನ್ನು ಕೆಂಪಗೆ ಕಾಯಿಸುತ್ತದೆ. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆಯೋ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೋ ಸಿಕ್ಕಿದರೆ ಹೆಚ್ಚು ಹುಡುಕಬೇಕಾಗಿಲ್ಲ.

ಹೆಚ್ಚು ಬೆಳಕಿನ ಆಸೆಗೆ ಹಾಕಿಸಿದ ಬಲ್ಬುಗಳನ್ನೂ ಪರೀಕ್ಷಿಸಿ. 60 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ, 100 ವ್ಯಾಟಿನವು ಸುಮಾರು 17 ಆಂಪಿಯರ್ ಎಳೆಯುತ್ತವೆ. ಅಷ್ಟೂ ಕರೆಂಟ್ ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚಿನ ಮೂಲಕವೇ ಹಾದುಹೋಗಬೇಕು.

ಎಷ್ಟು ಬದಲಿಸಬೇಕು

ಸುಟ್ಟ ತುದಿಯಿಂದ ಸ್ವಲ್ಪ ಸ್ವಲ್ಪವೇ ಹೊದಿಕೆ ಸುಲಿದು ತಾಮ್ರವನ್ನು ನೋಡಿ. ಎಳೆಗಳು ಕಪ್ಪಾಗಿದ್ದರೆ ಆ ಭಾಗ ಬಳಕೆಗೆ ಬಾರದು, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಸರಿಯಬೇಕು. ಹೊದಿಕೆಯನ್ನು ಬಾಗಿಸಿದಾಗ ಬಿರುಕು ಬಿಟ್ಟರೆ ಬೆಂಕಿ ತಾಗದ ಭಾಗವೂ ಮುಗಿದಂತೆಯೇ. ಮುಖ್ಯ ಕಟ್ಟಿನಲ್ಲಿ ಮೂರು ನಾಲ್ಕು ವೈರುಗಳು ಒಂದಕ್ಕೊಂದು ಕರಗಿ ಅಂಟಿದ್ದರೆ ತೇಪೆಯ ಯೋಚನೆ ಬಿಟ್ಟು ಇಡೀ ಹಾರ್ನೆಸ್ (ಕಾರಿನ ವೈರುಗಳ ಪೂರ್ತಿ ಕಟ್ಟು) ಬದಲಿಸುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಲ್ಲಿ ಸಿದ್ಧ ಹಾರ್ನೆಸ್ ಸಿಕ್ಕರೂ, ಅದು ನಿಮ್ಮ ಮಾದರಿಯದೇ ಹೌದೇ ಎಂದು ಹಳೆಯದರ ಪಕ್ಕದಲ್ಲಿಟ್ಟು ಕವಲು ಕವಲಾಗಿ ಹೋಲಿಸಿ ನೋಡಿ ಕೊಳ್ಳಬೇಕು.

ಹೊಸ ಹಾರ್ನೆಸ್ ಕಟ್ಟುವುದು

ಹಳೆಯ ಹಾರ್ನೆಸ್ಸನ್ನು ಪ್ರತಿ ತುದಿಗೂ ಚೀಟಿ ಕಟ್ಟಿ, ಕತ್ತರಿಸದೆ ಹೊರತೆಗೆಯಿರಿ. ಕಿರಿದಾದ ಜಾಗಗಳಿಂದ ಎಳೆಯುವಾಗ ಅದರ ತುದಿಗೆ ಗಟ್ಟಿ ದಾರ ಕಟ್ಟಿದರೆ, ಆ ದಾರವೇ ಹೊಸದನ್ನು ಒಳಗೆಳೆಯಲು ನೆರವಾಗುತ್ತದೆ. ನಂತರ ಅದನ್ನು ಪ್ಲೈವುಡ್ ಹಲಗೆಯ ಮೇಲೆ ಹಾಸಿ, ಕವಲೊಡೆಯುವಲ್ಲೆಲ್ಲ ಮೊಳೆ ಹೊಡೆದು, ಅದೇ ಅಳತೆಗೆ ಹೊಸ ವೈರುಗಳನ್ನು ಹರಡಿ.

ಮನೆ ವೈರಿಂಗಿನ ವೈರು ಇಲ್ಲಿಗೆ ಸಲ್ಲದು. ಶಾಖ, ಎಣ್ಣೆ ಮತ್ತು ಅದುರುವಿಕೆಯನ್ನು ತಾಳಬಲ್ಲ, ಹಲವು ಎಳೆಗಳ ಆಟೋ ವೈರನ್ನೇ ತನ್ನಿ. ಸೈಡ್ ಲೈಟ್, ಇಂಡಿಕೇಟರ್, ಮೀಟರುಗಳಿಗೆ 1 ಚದರ ಮಿ.ಮೀ. ಸಾಕು, ಸಾಮಾನ್ಯ ಪಿವಿಸಿ ಹೊದಿಕೆಯಲ್ಲಿ ಅದು ಸುಮಾರು 8 ಆಂಪಿಯರ್ ಹೊರುತ್ತದೆ. ಹೆಡ್‌ಲೈಟ್ ಮತ್ತು ಹಾರ್ನಿಗೆ ಸುಮಾರು 17 ಆಂಪಿಯರ್ ತಾಳುವ 2 ಚದರ ಮಿ.ಮೀ. ಬೇಕು. ಚಾರ್ಜಿಂಗ್ ವೈರು ಡೈನಮೋಗೆ 4.5 ಚದರ ಮಿ.ಮೀ. ಇರಲಿ. ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದ್ದರೆ 6 ಅಥವಾ ಅದಕ್ಕೂ ದಪ್ಪನೆಯದನ್ನು ಆಲ್ಟರ್ನೇಟರಿನ ಸಾಮರ್ಥ್ಯ ನೋಡಿ ಆರಿಸಬೇಕು.

ಬಣ್ಣಗಳಲ್ಲಿ ರಾಜಿ ಬೇಡ. ಬ್ರಿಟಿಷ್ ಪದ್ಧತಿಯಲ್ಲಿ ಕಂದು ಬ್ಯಾಟರಿಯ ನೇರ ಕರೆಂಟಿಗೆ, ಬಿಳಿ ಇಗ್ನಿಷನ್‌ಗೆ, ಹಸಿರು ಇಗ್ನಿಷನ್ ನಂತರ ಫ್ಯೂಸ್ ದಾಟಿದ್ದಕ್ಕೆ, ನೇರಳೆ ಸದಾ ಕರೆಂಟಿರುವ ಫ್ಯೂಸಿನ ನಂತರದ್ದಕ್ಕೆ, ನೀಲಿ ಹೆಡ್‌ಲೈಟಿಗೆ, ಕೆಂಪು ಸೈಡ್ ಮತ್ತು ಟೇಲ್ ಲೈಟಿಗೆ, ಕಪ್ಪು ಅರ್ಥ್‌ಗೆ ಮೀಸಲು. ಎಲ್ಲವನ್ನೂ ಕೆಂಪು ವೈರಿನಲ್ಲೇ ಮುಗಿಸಿದರೆ ಮುಂದೊಂದು ದಿನ ರಾತ್ರಿ ರಸ್ತೆಬದಿಯಲ್ಲಿ ದೋಷ ಹುಡುಕುವ ಮೆಕ್ಯಾನಿಕ್ ಕಂಗಾಲಾಗುತ್ತಾನೆ.

ಟರ್ಮಿನಲ್ಲುಗಳನ್ನು ಒಳ್ಳೆಯ ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಬಲವಾಗಿ ಎಳೆದು ನೋಡಿ. ಕಟ್ಟನ್ನು ಅಂಟಿಲ್ಲದ ಪಿವಿಸಿ ಟೇಪಿನಿಂದ ಸುತ್ತಿ, ಏಕೆಂದರೆ ಸಾಧಾರಣ ಇನ್ಸುಲೇಷನ್ ಟೇಪಿನ ಅಂಟು ನಮ್ಮ ಬೇಸಿಗೆಗೆ ಕರಗಿ ಧೂಳು ಹಿಡಿಯುತ್ತದೆ. ತಗಡು ದಾಟುವ ಪ್ರತಿ ರಂಧ್ರಕ್ಕೂ ಹೊಸ ಗ್ರೋಮೆಟ್ ಹಾಕಿ, ಅರ್ಥ್ ಬಿಂದುಗಳಲ್ಲಿ ಬಣ್ಣ ಮತ್ತು ತುಕ್ಕನ್ನು ಉಜ್ಜಿ ಲೋಹ ಕಾಣಿಸಿದ ಮೇಲೆಯೇ ಬೋಲ್ಟ್ ಬಿಗಿಯಿರಿ.

ಫ್ಯೂಸಿನ ಲೆಕ್ಕ

ಇಲ್ಲಿ ಅನುಭವಿಗಳೂ ತಪ್ಪುತ್ತಾರೆ. ಬ್ರಿಟಿಷ್ ಬಿಡಿಭಾಗ ಕಂಪನಿ ಲೂಕಾಸ್‌ನ ಪದ್ಧತಿಯ ಹಳೆಯ ಗಾಜಿನ ಫ್ಯೂಸಿನ ಮೇಲಿರುವ 35 ಎಂಬ ಅಂಕಿ ಅದು ಕರಗುವ ಕರೆಂಟನ್ನು ಸೂಚಿಸುತ್ತದೆ. ಅದು ನಿರಂತರವಾಗಿ ಹೊರುವುದು ಸುಮಾರು 17 ಆಂಪಿಯರ್ ಮಾತ್ರ. ಇಂದಿನ ಬ್ಲೇಡ್ ಫ್ಯೂಸಿನ ಮೇಲಿರುವುದಾದರೋ ನಿರಂತರವಾಗಿ ಹೊರುವ ಅಂಕಿ. ಹಾಗಾಗಿ ಹಳೆಯ 35ರ ಜಾಗಕ್ಕೆ 35ರ ಬ್ಲೇಡ್ ಫ್ಯೂಸ್ ಹಾಕಿದರೆ ರಕ್ಷಣೆ ಅರ್ಧಕ್ಕೆ ಇಳಿಯುತ್ತದೆ. ಫ್ಯೂಸು ರಕ್ಷಿಸುವುದು ವೈರನ್ನು. ಆದ್ದರಿಂದ ಅದರ ಅಂಕಿ ಆ ಸರ್ಕ್ಯೂಟಿನ ಅತಿ ತೆಳು ವೈರಿನ ಸಾಮರ್ಥ್ಯವನ್ನು ಮೀರಬಾರದು.

ಹೆಡ್‌ಲೈಟಿನ ಡಿಮ್ ಮತ್ತು ಬ್ರೈಟಿಗೆ ಒಂದೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಸೇರಿಸಿ, ಪ್ರತಿಯೊಂದಕ್ಕೂ ಬ್ಯಾಟರಿಯಿಂದ ಫ್ಯೂಸಿನ ಮೂಲಕ ಕರೆಂಟ್ ಕೊಡಿ. ಆಗ ಹಳೆಯ ಸ್ವಿಚ್ಚಿನ ಮೇಲೆ ರಿಲೇ ಕಾಯಿಲಿನ ಅಲ್ಪ ಭಾರವಷ್ಟೇ ಬೀಳುತ್ತದೆ. 50 ವರ್ಷ ದಾಟಿದ ಕಾರನ್ನು 2021ರ ಕೇಂದ್ರ ನಿಯಮದಡಿ ವಿಂಟೇಜ್ ವಾಹನವಾಗಿ ನೋಂದಾಯಿಸುವವರಿಗೆ ಮೂಲರೂಪ ಉಳಿಸಿಕೊಳ್ಳುವುದು ಮುಖ್ಯವಾದ್ದರಿಂದ, ಹಳೆಯ ಫ್ಯೂಸ್ ಬಾಕ್ಸನ್ನು ತನ್ನ ಜಾಗದಲ್ಲೇ ಬಿಟ್ಟು ಹೊಸದನ್ನು ಮರೆಯಲ್ಲಿ ಕೂರಿಸಬಹುದು.

ಮೊದಲ ಬಾರಿ ಬ್ಯಾಟರಿ ಜೋಡಿಸುವಾಗ

ಎಲ್ಲ ಬಲ್ಬುಗಳನ್ನು ತೆಗೆದು, ಇಗ್ನಿಷನ್ ಕಾಯಿಲಿನ ವೈರು ಕಳಚಿ, ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿ. ಬ್ಯಾಟರಿಯ ಅರ್ಥ್ ತುದಿಗೂ ಅರ್ಥ್ ಕೇಬಲ್ಲಿಗೂ ನಡುವೆ 21 ವ್ಯಾಟಿನ ಒಂದು ಬಲ್ಬನ್ನು ಸೇರಿಸಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಆದರೆ ಎರಡು ಆಂಪಿಯರಿಗಿಂತ ಹೆಚ್ಚು ಕರೆಂಟ್ ಹರಿಯಲು ಬಿಡದ ಕಾರಣ ವೈರು ಸುಡುವುದಿಲ್ಲ. ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿ ನೋಡಿ. ಇಗ್ನಿಷನ್ ಹಾಕಿದಾಗ ಮೀಟರುಗಳ ಕಾರಣದಿಂದ ಮಂದವಾಗಿ ಹೊಳೆದರೆ ಚಿಂತೆಯಿಲ್ಲ.

ಎಲ್ಲವೂ ಸರಿಯಿದ್ದರೆ ಬಲ್ಬುಗಳನ್ನು ಮರಳಿ ಹಾಕಿ ಬ್ಯಾಟರಿಯನ್ನು ನೇರವಾಗಿ ಜೋಡಿಸಿ. ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಯಲ್ಲೂ ಬಲ್ಬಿನ ಟರ್ಮಿನಲ್ಲಿನಲ್ಲೂ ವೋಲ್ಟೇಜ್ ಅಳೆದು ನೋಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಜೋಡಣೆ ಸಡಿಲವಿದೆ. ಬ್ಯಾಟರಿಯ ಪಕ್ಕದಲ್ಲೇ ಇಡೀ ಕಾರಿನ ಕರೆಂಟ್ ಕಡಿಯುವ ಒಂದು ಕಟಾಫ್ ಸ್ವಿಚ್ ಹಾಕಿಸಿ. ಮೊದಲ ಕೆಲವು ಓಡಾಟಗಳಲ್ಲಿ ಒಣ ಪುಡಿಯ ನಂದಕವನ್ನು ಚಾಲಕನ ಕೈಗೆಟಕುವಂತೆ ಇಟ್ಟುಕೊಂಡು, ಪ್ರತಿ ಸಲ ಕಾರು ನಿಲ್ಲಿಸಿ ಕಟಾಫ್ ಸ್ವಿಚ್ ಆಫ್ ಮಾಡಿದ ಮೇಲೆ ಫ್ಯೂಸ್ ಬಾಕ್ಸ್, ರಿಲೇ ಮತ್ತು ಹೆಡ್‌ಲೈಟ್ ಸ್ವಿಚ್ಚುಗಳನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾದ ಜೋಡಣೆಯನ್ನು ಬಿಚ್ಚಿ ಮತ್ತೆ ಕ್ರಿಂಪ್ ಮಾಡುವವರೆಗೆ ಆ ಸರ್ಕ್ಯೂಟಿನ ಫ್ಯೂಸನ್ನು ತೆಗೆದಿಡಿ.