ಸುಜುಕಿ ಬೆನ್ನು ಹತ್ತಿ ಎರಡು ವರ್ಷ

"ಸುಜುಕಿ ಮೂಲ ಹುಡುಕ್ತೀಯಾ? ಹದಿನೆಂಟು ಲಕ್ಷ ಜನ ಇದ್ದೇವೆ, ಹುಡುಕು" ಎಂದು ನಕ್ಕವರು ಪಕ್ಕದ ಮನೆಯ ಅಜ್ಜ. ಅವರ ಮನೆಹೆಸರೂ ಸುಜುಕಿಯೇ. ಜಪಾನಿನ ಹಮಾಮತ್ಸುವಿನಲ್ಲಿ ಅದೇನೂ ದೊಡ್ಡ ಮಾತಲ್ಲ. ಕಾರ್ ಕಂಪನಿಯ ಮಿಚಿಯೊ ಸುಜುಕಿ ಇಲ್ಲಿಯವರೇ. ನಮ್ಮ ಆಫೀಸಲ್ಲಿ 'ಸುಜುಕಿ-ಸಾನ್' ಅಂತ ಕೂಗಿದರೆ ನಾಲ್ಕು ತಲೆ ತಿರುಗುತ್ತವೆ. 1875ರಲ್ಲಿ ಮನೆಹೆಸರು ಕಡ್ಡಾಯವಾದಾಗ ಜನ ಬಾಯಿಗೆ ಬಂದದ್ದು ಇಟ್ಟುಕೊಂಡರು, ಮೂಲ ಗೀಲ ಏನೂ ಇಲ್ಲ ಅನ್ನೋದು ಅಜ್ಜನ ವಾದ. ಅದಕ್ಕೂ ಮೊದಲೇ ಎಷ್ಟೋ ರೈತರಿಗೆ ಹೆಸರಿತ್ತು, ಬಳಸೋಕೆ ಬಿಡ್ತಿರಲಿಲ್ಲ ಅಷ್ಟೇ ಅಂತ ಹೇಳಿದರೂ ಕೇಳಲಿಲ್ಲ.

ಮೊದಲ ಪೆಟ್ಟು ಕಾಂಜಿಯಿಂದ, ಅಂದರೆ ಹೆಸರು ಬರೆಯುವ ಚೀನೀ ಅಕ್ಷರಗಳಿಂದ. ಒಂದು ಅಕ್ಷರ ಕಿರುಗಂಟೆ, ಇನ್ನೊಂದು ಮರ. ಗಂಟೆ ಕಟ್ಟಿದ ಮರ ಹುಡುಕುತ್ತಾ ಐದಾರು ತಿಂಗಳು ಗುಡಿ ಸುತ್ತಿದೆ. ರೈಲಿಗೇ ನಲವತ್ತು ಸಾವಿರ ಯೆನ್ ಹೋಯಿತು. ಆಮೇಲೆ ಗೊತ್ತಾಯಿತು, ಅಕ್ಷರ ಸುಮ್ನೆ ಉಚ್ಚಾರಕ್ಕೆ ಹಚ್ಚಿದ್ದು. ಯಾತ್ರಾಸ್ಥಳ ಕುಮಾನೊ ಕಡೆ ಕೊಯ್ದ ಭತ್ತದ ಕಟ್ಟುಗಳನ್ನು ಕಂಬದ ಸುತ್ತ ಒಟ್ಟಿದರೆ ಅದೇ ಸುಸುಕಿ, ಸುಜುಕಿ. ಅಂದರೆ ನಮ್ಮ ಬಣವಿ! ಸುಜುಕಿಗಳು ಹೊಜುಮಿ ಮನೆತನದಿಂದ ಒಡೆದವರು ಅಂತಾರಲ್ವಾ, ಹೊಜುಮಿ ಅಂದರೂ ತೆನೆ ಒಟ್ಟುವುದೇ. ಉಳ್ಳಾಗಡ್ಡಿ, ಮೆಣಸಿನಕಾಯಿ ಅಡ್ಡಹೆಸರುಗಳ ನಡುವೆ ಧಾರವಾಡದಲ್ಲಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಆ ಖುಷಿಗೆ ಒಬ್ಬ ರೈತರಿಂದ ಭತ್ತದ ಕಟ್ಟು ತಂದು ನಾನೇ ಒಂದು ಒಟ್ಟಿದೆ, ತೆನೆ ಒಳಕ್ಕೆ, ಬುಡ ಹೊರಕ್ಕೆ. ಎರಡನೇ ರಾತ್ರಿ ಗಾಳಿಗೆ ಬಿತ್ತು. ಕಂಬ ಆಳಕ್ಕೆ ಹೂತಿರಲಿಲ್ಲ.

ಕೊಸೆಕಿಯ, ಅಂದರೆ ಸರ್ಕಾರಿ ಕುಟುಂಬ ದಾಖಲೆಯ ದಾರಿ ಇಲ್ಲ; ಅದು ವಂಶದವರಿಗೆ, ನಾನು ಯಾರ ಮೊಮ್ಮಗನೂ ಅಲ್ಲ. 1872ರ ಕೊಸೆಕಿ ಅಂತೂ 1968ರಿಂದ ಯಾರಿಗೂ ತೋರಿಸಲ್ಲ. ಒಂದು ಗುಡಿಯಲ್ಲಿ ತೀರಿಹೋದವರ ದಫ್ತರ ಕೇಳಿದ್ದಕ್ಕೆ ಚಹಾ ಕುಡಿಸಿ ಕಳಿಸಿದರು. ಉಳಿದದ್ದು ಹಳೆ ಫೋನ್ ಪುಸ್ತಕದ ಸಿಡಿ. ಹರಾಜಿನಲ್ಲಿ 3,500 ಯೆನ್ ಇರಬೇಕು. ಅದು ವಿಂಡೋಸ್ 98ರಲ್ಲಿ ಮಾತ್ರ ತೆರೆಯುತ್ತೆ, ಅದಕ್ಕೊಂದು ಮುದಿ ಲ್ಯಾಪ್‌ಟಾಪ್, ಇನ್ನೊಂದು ಎಂಟು ಸಾವಿರ. ಹೆಂಡತಿಗೆ ಐದು ಅಂತ ಹೇಳಿದ್ದೇನೆ.

ಪ್ರಿಫೆಕ್ಚರ್ (ಇಲ್ಲಿಯ ಪ್ರಾಂತ್ಯ) ಲೆಕ್ಕದಿಂದ ಏನೂ ಹುಟ್ಟಲ್ಲ. ಶಿಜುವೊಕಾ, ಐಚಿ, ಟೋಕಿಯೊ ಸುತ್ತಲಿನ ಕಾಂತೊ ತುಂಬಾ ಜಾಸ್ತಿ, ಪಶ್ಚಿಮಕ್ಕೆ ಹೋದಂತೆ ತೆಳು. ನಾನು ಓಆಜಾ ಮಟ್ಟಕ್ಕೆ ಇಳಿದೆ, ಒಂದೊಂದು ಹಳ್ಳಿ. ಅದನ್ನು ನಕ್ಷೆ ಮಾಡಿ ಅದರ ಮೇಲೆ ಕುಮಾನೊ ದೇವರ ಗುಡಿಗಳನ್ನು ಗುರುತು ಹಾಕಿದೆ. ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ ಸುಜುಕಿಗಳನ್ನು ಹೇಗೆ ಜರಡಿ ಹಿಡಿದೆ ಅನ್ನೋದನ್ನು ಇಲ್ಲಿ ಹೇಳಲ್ಲ. ಅದಕ್ಕೇ ಮೂರು ತಿಂಗಳು ತಿಂದಿದ್ದೇನೆ.

ನಕ್ಷೆ ಐಚಿಯ ಮಿಕಾವಾ ಗುಡ್ಡಗಳಲ್ಲಿ ಗಟ್ಟಿಯಾಯಿತು, ಈಗಿನ ತೊಯೊತಾ ಊರಿನ ಅಸುಕೆ ಸುತ್ತ. ಅಲ್ಲಿಯ ಕೋಟೆ ಸುಜುಕಿಗಳದ್ದೇ. 1590ರಲ್ಲಿ ಅವರ ದೊರೆ ತೊಕುಗಾವಾ ಇಎಯಾಸು ಕಾಂತೊಗೆ ಹೊರಟಾಗ ಅವರೂ ಕೋಟೆ ಬಿಟ್ಟು ಹಿಂದೆ ಹೋದರು. ಪೂರ್ವದಲ್ಲಿ ಸುಜುಕಿ ಯಾಕೆ ಜಾಸ್ತಿ ಅನ್ನೋದಕ್ಕೆ ಇದೊಂದು ಎಳೆ. ಕುಮಾನೊದ ಯಾತ್ರೆಯ ಪೂಜಾರಿಗಳು ಹೋದಲ್ಲೆಲ್ಲ ಗುಡಿ ಕಟ್ಟಿ ಹೆಸರು ಬಿಟ್ಟು ಬಂದದ್ದು ಇನ್ನೊಂದು. ಒಂದು ಸ್ಮಶಾನದಲ್ಲಿ ಅರವತ್ತು ಚಿಲ್ಲರೆ ಸುಜುಕಿ ಕಲ್ಲು ಎಣಿಸಿದೆ, ಇಪ್ಪತ್ತರ ಮೇಲೆ ಭತ್ತದ ತೆನೆಯ ಲಾಂಛನ. ಪಾಚಿಯನ್ನು ಬೆರಳಿಂದ ಉಜ್ಜಿದಾಗ ಒಂದೊಂದೇ ಕಾಳು ಕೈಗೆ ಸಿಕ್ಕಿತು. ಆಗಲೇ ಇನ್ನೊಂದು ಎಡವಟ್ಟು ಬಯಲಾಯಿತು. ಆ ಕಡೆ ಸುಜುಕಿಯನ್ನು ಅದೇ ಹೆಸರಿನ ಮೀನಿನ ಒಂದೇ ಅಕ್ಷರದಲ್ಲೂ ಬರೀತಾರೆ. ಅವರು ನನ್ನ ಹುಡುಕಾಟದಲ್ಲಿ ಪೂರ್ತಿ ಬಿಟ್ಟುಹೋಗಿದ್ದರು. ಮತ್ತೆ ಮೊದಲಿಂದ.

ಕೊನೆಗೆ ವಕಾಯಾಮಾದ ಕೈನಾನ್‌ಗೆ ಹೋದೆ, ಫುಜಿಶಿರೊ ಗುಡಿಗೆ. ಅದರ ಅಂಗಳದಲ್ಲೇ ಸುಜುಕಿಗಳ ಮೂಲಮನೆ. ಮುಖ್ಯ ಕವಲು 1942ರಲ್ಲಿ ಮುಗಿಯಿತು, ಮನೆಯನ್ನು ಈಗ ರಿಪೇರಿ ಮಾಡಿ ನಿಲ್ಲಿಸಿದ್ದಾರೆ. ತಮಾಷೆ ಅಂದರೆ, ಆ ಸೀಮೆಯಲ್ಲೇ ಸುಜುಕಿಗಳು ಕಡಿಮೆ.

ನಕ್ಷೆಯನ್ನು ಅಜ್ಜನ ಮುಂದೆ ಹರಡಿದೆ. ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. "ನನ್ನ ಹೆಂಡತಿ ತವರಿನವರು ವತಾನಾಬೆ" ಅಂದರು.