ಬೀಟಾ ಕೋಶದ ದಣಿವನ್ನು ಪಿಯುಸಿ ತರಗತಿಯಲ್ಲಿ ಕಲಿಸುವ ಬಗೆ

ಇನ್ಸುಲಿನ್ ಕಡಿಮೆಯಾದರೆ ಮಧುಮೇಹ ಬರುತ್ತದೆ ಎಂದಷ್ಟೇ ಹೇಳಿ ಪಾಠ ಮುಗಿಸಿದರೆ, ಅದನ್ನು ತಯಾರಿಸುವ, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳೇಕೆ ಸಾಯುತ್ತವೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕಲಬುರಗಿಯ ತರಗತಿಯಲ್ಲಿ ನಾನು ಮೇದೋಜೀರಕ ಗ್ರಂಥಿಯ ಚಿತ್ರಕ್ಕಿಂತ ಮೊದಲು ರೊಟ್ಟಿ ಖಾನಾವಳಿಯ ಮಾತೆತ್ತುತ್ತೇನೆ.

ಶರಣಬಸವೇಶ್ವರ ಜಾತ್ರೆಯ ನೂಕುನುಗ್ಗಲಿನಲ್ಲಿ ಖಾನಾವಳಿಯ ಒಳಗೆ ಏನಾಗುತ್ತದೆಂದು ವಿದ್ಯಾರ್ಥಿಗಳಿಂದಲೇ ಹೇಳಿಸಿರಿ. ಎಸರು ಹಾಕಿದ ಹಿಟ್ಟನ್ನು ಜಿಗಿ ಬರುವಂತೆ ನಾದಲು ಪುರಸೊತ್ತಿಲ್ಲದಾಗ, ಬಡಿಯುತ್ತಿರುವಂತೆಯೇ ರೊಟ್ಟಿಯ ಅಂಚು ಸೀಳುತ್ತದೆ. ಹರಿದವು ಒಟ್ಟುಗೂಡಿ ಹೊಸದನ್ನು ಬಡಿಯಲೂ ಜಾಗವಿಲ್ಲದಂತಾಗುತ್ತದೆ.

ಈಗ 86 ಮಣಿಗಳ ಸರವೊಂದನ್ನು ಕೊಟ್ಟು, ಅದನ್ನು ಮಡಚಿ 3 ಕಡೆ ದಾರದಿಂದ ಕಟ್ಟಲು ಹೇಳಿರಿ. ಅದೇ ಇನ್ಸುಲಿನ್‌ನ ಮೊದಲ ರೂಪವಾದ ಪ್ರೊಇನ್ಸುಲಿನ್; ಒಂದೊಂದು ಮಣಿಯೂ ಒಂದು ಅಮೈನೋ ಆಮ್ಲ, ಆ ಗಂಟುಗಳು ಗಂಧಕದ ಪರಮಾಣುಗಳನ್ನು ಜೋಡಿಸುವ ಡೈಸಲ್ಫೈಡ್ ಬಂಧಗಳು. ಈ ಮಡಿಕೆ ನಡೆಯುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ, ಕೋಶದೊಳಗಿನ ಪೊರೆಗಳ ಜಾಲದಲ್ಲಿ, ಮುಂದೆ ನಡುವಿನ ತುಂಡು ಕತ್ತರಿಸಿಹೋಗಿ 51 ಅಮೈನೋ ಆಮ್ಲಗಳ ಇನ್ಸುಲಿನ್ ಉಳಿಯುತ್ತದೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ಬೇಡಿಕೆ ಏರಿದಾಗ ತಪ್ಪಾಗಿ ಮಡಚಿಕೊಂಡ ಅಣುಗಳು ಹರಿದ ರೊಟ್ಟಿಗಳಂತೆ ಅಲ್ಲಿ ಶೇಖರವಾಗುತ್ತವೆ; ಈ ಹೊರೆಯನ್ನೇ ‘ಒತ್ತಡ’ ಎನ್ನುತ್ತಾರೆ. ಕೋಶವು ಈ ಹೊರೆಯನ್ನು ಗುರುತಿಸುವ ಪರ್ಕ್ ಮೊದಲಾದ ಸಂವೇದಕ ಪ್ರೋಟೀನುಗಳ ಮೂಲಕ ಉತ್ಪಾದನೆಯನ್ನು ತಗ್ಗಿಸಿ, ಮಡಚಲು ನೆರವಾಗುವ ಪ್ರೋಟೀನುಗಳನ್ನು ಹೆಚ್ಚಿಸಿ, ಕೆಟ್ಟವನ್ನು ಹೊರಹಾಕಲು ನೋಡುತ್ತದೆ. ಒತ್ತಡ ಇಳಿಯದಿದ್ದರೆ ಅದೇ ವ್ಯವಸ್ಥೆ ಚಾಪ್ ಎಂಬ ಪ್ರೋಟೀನಿನ ಮೂಲಕ ಕೋಶವನ್ನು ಸಾವಿನತ್ತ ತಳ್ಳುತ್ತದೆ. ಬಂಧ ಕಟ್ಟುವಾಗ ಹುಟ್ಟುವ ಹಾನಿಕರ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಎಂಬ ಕಿಣ್ವ ಕೂಡ ಈ ಕೋಶದಲ್ಲಿ ಬಹಳ ಕಡಿಮೆ.

ಪುರಾವೆ ಕೇಳುವ ಹುಡುಗರು ಇದ್ದೇ ಇರುತ್ತಾರೆ. ಪರ್ಕ್ ಜೀನು ಕೆಟ್ಟಿರುವ ವಾಲ್ಕಾಟ್–ರ‍್ಯಾಲಿಸನ್ ಎಂಬ ಅಪರೂಪದ ಕಾಯಿಲೆಯಲ್ಲಿ ಎಳೆಗೂಸುಗಳಿಗೇ ಮಧುಮೇಹ ಬರುತ್ತದೆಂಬ ಒಂದು ಉದಾಹರಣೆ ಅವರಿಗೆ ಸಾಕು.

ಎರಡು ಎಚ್ಚರಿಕೆಗಳಿವೆ. ‘ಒತ್ತಡ’ ಎಂದೊಡನೆ ಮಕ್ಕಳು ಪರೀಕ್ಷೆಯ ಟೆನ್ಷನ್ ಎಂದುಕೊಳ್ಳುತ್ತಾರೆ. ಇದು ಕೋಶದೊಳಗಿನ ಹೊರೆಯೆಂದು ಮೊದಲೇ ಬೇರ್ಪಡಿಸಿರಿ. ಎರಡನೆಯದಾಗಿ, ಟೈಪ್ 1ರಲ್ಲಿ ಬೀಟಾ ಕೋಶಗಳನ್ನು ನಾಶಮಾಡುವುದು ದೇಹದ ರೋಗನಿರೋಧಕ ವ್ಯವಸ್ಥೆ; ಈ ಒತ್ತಡ ಅಲ್ಲಿ ಜೊತೆಗಾರ ಮಾತ್ರ.

ರೊಟ್ಟಿಯ ಹೋಲಿಕೆ ಒಂದು ಕಡೆ ಸೋಲುತ್ತದೆ, ಅದನ್ನೂ ಮುಚ್ಚಿಡಬೇಡಿ. ಜಾತ್ರೆಗೆಂದು ಖಾನಾವಳಿಯವರು ಇನ್ನಿಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆಯಬಹುದು, ವಯಸ್ಕರ ಬೀಟಾ ಕೋಶಗಳಾದರೋ ವಿಭಜನೆಗೊಳ್ಳುವುದೇ ಅಪರೂಪ. ಆದರೆ ದಣಿದ ಕೋಶಗಳೆಲ್ಲವೂ ಸತ್ತಿರುವುದಿಲ್ಲ: ಟೈಪ್ 2 ಪತ್ತೆಯಾದ ಆರಂಭದಲ್ಲಿಯೇ ಕೆಲವು ವಾರ ಇನ್ಸುಲಿನ್ ಚುಚ್ಚುಮದ್ದು ಕೊಟ್ಟಾಗ ಹಲವರಲ್ಲಿ ಉಳಿದ ಕೋಶಗಳು ಮತ್ತೆ ಚೆನ್ನಾಗಿ ಕೆಲಸ ಮಾಡಿರುವುದು ಕಂಡುಬಂದಿದೆ.